ಮಾವಿನ ಬುಟ್ಟಿಯೊಳಗಿನ ಇಂಗ್ಲಿಷು

ಇಂಗ್ಲಿಷ್ ವೃತ್ತಪತ್ರಿಕೆಗೆ ಈ ದೇಶದಲ್ಲಿ ಎರಡು ಆಯುಷ್ಯಗಳು. ಮೊದಲನೆಯದು ಬೆಳಗಿನ ಕಾಫಿಯಿಂದ ಮಧ್ಯಾಹ್ನದ ಊಟದವರೆಗೆ. ಎರಡನೆಯದು ರದ್ದಿಯಂಗಡಿಯ ತಕ್ಕಡಿಯನ್ನೇರಿದ ಮೇಲಿನದು. ರದ್ದಿ ಕೊಳ್ಳುವವನು ಕನ್ನಡ ಪತ್ರಿಕೆಗಿಂತ ಇಂಗ್ಲಿಷ್ ಪತ್ರಿಕೆಗೆ ಕಿಲೋಗೆ ಒಂದೆರಡು ರೂಪಾಯಿ ಹೆಚ್ಚು ಕೊಡುವುದುಂಟು. ಅದು ಭಾಷೆಗೆ ಸಲ್ಲುವ ಮರ್ಯಾದೆಯಲ್ಲ, ಕಾಗದಕ್ಕೆ ಸಲ್ಲುವ ಬೆಲೆ. ಕೋಲಾರ ಜಿಲ್ಲೆಯ ಶ್ರೀನಿವಾಸಪುರದ ಕಡೆ ಮಾವಿನ ಸುಗ್ಗಿ ಬಂದಾಗ ಈ ಎರಡನೆಯ ಆಯುಷ್ಯದ ವೈಭವವನ್ನು ಕಣ್ಣಾರೆ ನೋಡಬಹುದು. ಮಂತ್ರಿಗಳ ಭಾಷಣ, ಷೇರುಪೇಟೆಯ ಏರಿಳಿತ, ವಿಶ್ವಸಂಸ್ಥೆಯ ನಿರ್ಣಯ ಎಲ್ಲವೂ ಬಾದಾಮಿ, ರಸಪುರಿಗಳ ಕೆಳಗೆ ಹಾಸಿಗೆಯಾಗಿ, ಮೇಲೆ ಹೊದಿಕೆಯಾಗಿ ಪರಸ್ಥಳಕ್ಕೆ ಪಯಣ ಬೆಳೆಸುತ್ತವೆ.

ಆ ತಾಲ್ಲೂಕಿನ ಹೋಬಳಿ ಊರು ಯಲ್ದೂರು. ಅಲ್ಲಿನ ಒಬ್ಬ ತರುಣನಿಗೆ ಇಂಗ್ಲಿಷ್ ಪತ್ರಿಕೆಯ ಮೊದಲ ಪರಿಚಯವಾದದ್ದು ಇಂಥ ಬುಟ್ಟಿಯ ತಳದಲ್ಲಿಯೇ. ಹುಡುಗ ಪದವೀಧರ, ಬ್ಯಾಂಕಿನ ಪರೀಕ್ಷೆಗೆ ಕಟ್ಟಿದವನು. ಲೆಕ್ಕದಲ್ಲಿ ಗಟ್ಟಿಗ, ಸಾಮಾನ್ಯ ಜ್ಞಾನದಲ್ಲಿಯೂ ಕಡಮೆಯಿಲ್ಲ. ಇಂಗ್ಲಿಷಿನ ಭಾಗ ಬಂದೊಡನೆ ಮಾತ್ರ ಕಾಲು ಕಟ್ಟಿ ಹಾಕಿದಂತಾಗುತ್ತಿತ್ತು. ಎರಡು ಸಲ ಅಲ್ಲಿಯೇ ಮುಗ್ಗರಿಸಿದ್ದ. ಎರಡೆಕರೆ ಮಾವಿನ ತೋಟದ ಆದಾಯದಲ್ಲಿ ಓದಿಸಿದ ತಂದೆಗೆ, ಮೂರನೆಯ ಸಲದ ಅರ್ಜಿಯ ಶುಲ್ಕಕ್ಕಿಂತ ಮಗನ ಮುಖದ ಮೇಲಿನ ಬಾಡಿಕೆಯೇ ಹೆಚ್ಚು ಭಾರವಾಗಿತ್ತು.

ಇಂಥ ವ್ಯಾಧಿಗೆ ಔಷಧಿಯನ್ನು ಮಾರುವವರಿಗೆ ಎಂದೂ ಬರವಿಲ್ಲ. ಇಂಗ್ಲಿಷ್ ಪದಸಂಪತ್ತನ್ನು ಬೆಳೆಸಿಕೊಳ್ಳುವುದು ಅಮೆರಿಕದಲ್ಲಿಯೇ ಒಂದು ಕಾಲಕ್ಕೆ ದೊಡ್ಡ ಗೀಳಾಗಿತ್ತು. 1945ರಲ್ಲಿ ರೀಡರ್ಸ್ ಡೈಜೆಸ್ಟ್ ಮಾಸಪತ್ರಿಕೆಯಲ್ಲಿ ವಿಲ್‌ಫ್ರೆಡ್ ಫಂಕ್ ಎಂಬಾತ ಪದಶಕ್ತಿಯನ್ನು ಹೆಚ್ಚಿಸುವ ಅಂಕಣವನ್ನು ಆರಂಭಿಸಿದ. ನಾರ್ಮನ್ ಲೂಯಿಸನ ‘ವರ್ಡ್ ಪವರ್ ಮೇಡ್ ಈಸಿ’ 1949ರಲ್ಲಿ ಹೊರಬಂತು. ಇಂದಿಗೂ ಬೆಂಗಳೂರಿನ ಪುಸ್ತಕದಂಗಡಿಗಳಲ್ಲಿ ಅದಕ್ಕೆ ಗಿರಾಕಿಗಳುಂಟು. ಒಳ್ಳೆಯ ಪುಸ್ತಕವೇ. ಆದರೆ ಅದರ ಮರಿ, ಮರಿಮರಿಗಳಾಗಿ ಹುಟ್ಟಿದ ಪದಪಟ್ಟಿಗಳಿವೆಯಲ್ಲ, ಎಡಗಡೆ ಇಂಗ್ಲಿಷ್ ಪದ, ಬಲಗಡೆ ಒಂದು ಅರ್ಥ, ದಿನಕ್ಕೆ ಇಪ್ಪತ್ತರಂತೆ ನುಂಗಬೇಕು, ಅವುಗಳ ಮಾತು ಬೇರೆ. ಯಲ್ದೂರಿನ ತರುಣನೂ ಅಂಥದೊಂದನ್ನು ತಂದು, ಬೆಳಗಿನ ಜಾವದಲ್ಲಿ ಎದ್ದು, ಅಮರಕೋಶವನ್ನು ಉರು ಹಾಕುವವರಂತೆ ಗಟ್ಟಿಯಾಗಿ ಓದತೊಡಗಿದ. ಮೂರು ತಿಂಗಳಲ್ಲಿ ಸಾವಿರ ಪದಗಳು ಬಂದವು. ಅವುಗಳಲ್ಲಿ ಒಂದೂವರೆ ಅಡಿ ಉದ್ದದ ಪದಗಳೂ ಇದ್ದವು. (ಉದ್ದುದ್ದ ಪದಗಳನ್ನು ಬಳಸುವವರನ್ನು ರೋಮಿನ ಕವಿ ಹೊರೇಸನು ಈ ಅಳತೆಯಿಂದಲೇ ಗೇಲಿ ಮಾಡಿದ್ದ, ಇಂಗ್ಲಿಷಿನವರು ಆ ಗೇಲಿಯನ್ನೇ ಮತ್ತೊಂದು ಉದ್ದವಾದ ಪದವನ್ನಾಗಿ ಮಾಡಿಕೊಂಡರು.) ಬಂದ ಪದಗಳು ನಾಲಗೆಯ ಮೇಲೆ ಕುಳಿತವು. ಅಲ್ಲಿಂದ ಎಲ್ಲಿಗೂ ಹೋಗಲಿಲ್ಲ.

ಊರಿನಲ್ಲಿ ನಿವೃತ್ತರಾದ ಮೇಷ್ಟ್ರೊಬ್ಬರಿದ್ದರು. ಅವರ ಮನೆಗೆ ಬಸ್ಸಿನಲ್ಲಿ ಬರುವ ಪತ್ರಿಕೆ ಬಿಸಿಲೇರಿದ ಮೇಲೆ ತಲಪುವುದು. ಅಷ್ಟು ಹೊತ್ತಿಗೆ ಅದರಲ್ಲಿರುವ ಸುದ್ದಿಯನ್ನೆಲ್ಲ ಊರಿನವರು ಮೊಬೈಲಿನಲ್ಲಿ ನೋಡಿ, ಜಗಳವಾಡಿ, ಮರೆತಿರುವರು. ಆದರೂ ಮೇಷ್ಟ್ರು ಪತ್ರಿಕೆಯನ್ನು ಬಿಟ್ಟವರಲ್ಲ. 2022ರಲ್ಲಿ ಯುಕ್ರೇನಿನ ಯುದ್ಧ ಆರಂಭವಾದ ದಿನಗಳಲ್ಲಿ ಒಮ್ಮೆ ಅವರು ಹುಡುಗನ ಕೈಗೆ ಪತ್ರಿಕೆಯನ್ನು ಕೊಟ್ಟು ಮೊದಲನೆಯ ಪುಟದ ಶೀರ್ಷಿಕೆಯನ್ನು ಓದಿಸಿದರು. ರಷ್ಯದ ಮೇಲೆ ಅಮೆರಿಕವು ‘ಸ್ಯಾಂಕ್ಷನ್ಸ್’ ‘ಇಂಪೋಸ್’ ಮಾಡಿದೆಯೆಂದು ಅದರಲ್ಲಿತ್ತು.

“ಏನು ಹೇಳುತ್ತಪ್ಪ ಇದು?”

“ಅಮೆರಿಕದವರು ರಷ್ಯಕ್ಕೆ ಸಾಲ ಮಂಜೂರು ಮಾಡಿದಾರೆ ಸಾರ್.”

ನಗಬೇಕಾದದ್ದೇನೂ ಇರಲಿಲ್ಲ. ಯಲ್ದೂರಿನಲ್ಲಿ ‘ಸ್ಯಾಂಕ್ಷನ್’ ಎಂಬ ಮಾತನ್ನು ಅರಿಯದ ರೈತನಿಲ್ಲ. ಬೆಳೆ ಸಾಲ ಸ್ಯಾಂಕ್ಷನ್ ಆಗುತ್ತದೆ, ಕೊಳವೆಬಾವಿ ಸ್ಯಾಂಕ್ಷನ್ ಆಗುತ್ತದೆ, ಮುದುಕರ ಪಿಂಚಣಿ ಸ್ಯಾಂಕ್ಷನ್ ಆಗುತ್ತದೆ. ಹುಡುಗನ ಪಟ್ಟಿಯಲ್ಲಿಯೂ ಅದಕ್ಕೆ ಎದುರಾಗಿ ‘ಮಂಜೂರಾತಿ’ ಎಂದೇ ಬರೆದಿತ್ತು. ಮೇಷ್ಟ್ರು ನಗಲೂ ಇಲ್ಲ, ಅರ್ಥವನ್ನು ಹೇಳಲೂ ಇಲ್ಲ. “ಸಾಲ ಕೊಡೋದಕ್ಕೆ ‘ಇಂಪೋಸ್’ ಅಂತಾರೇನಪ್ಪ? ಹೇರೋದು ಅಂತಲ್ಲವೆ ಅದು? ಪಕ್ಕದ ಮಾತನ್ನ ಕೇಳು, ಅದು ಹೇಳುತ್ತೆ” ಎಂದರು.

ಪಕ್ಕದ ಮಾತು ಹೇಳಿತು. ಒಂದೇ ಪದಕ್ಕೆ ಒಪ್ಪಿಗೆಯೂ ಅರ್ಥ, ದಂಡನೆಯೂ ಅರ್ಥ. ಲ್ಯಾಟಿನಿನಲ್ಲಿ ಅದರ ಮೂಲ ಧಾತುವಿಗೆ ಮೀರಬಾರದ ಕಟ್ಟಳೆಯನ್ನು ವಿಧಿಸುವುದೆಂಬ ಭಾವ. ಕಟ್ಟಳೆ ಎಂದ ಮೇಲೆ ಅದಕ್ಕೆ ಅಧಿಕಾರದ ಒಪ್ಪಿಗೆಯ ಮುದ್ರೆಯೂ ಉಂಟು, ಮೀರಿದವನಿಗೆ ಶಿಕ್ಷೆಯೂ ಉಂಟು. ಇಂಗ್ಲಿಷು ಎರಡನ್ನೂ ಇಟ್ಟುಕೊಂಡಿತು. ಪಟ್ಟಿ ಮಾಡಿದವನು ಒಂದನ್ನು ಮಾತ್ರ ಬರೆದ. ಬುಟ್ಟಿಯಿಂದ ತೆಗೆದ ಹಣ್ಣನ್ನು ನೋಡಿ ಮರದ ಎತ್ತರ ತಿಳಿಯುವುದೆ?

ಯಲ್ದೂರಿನವರಿಗೆ ಈ ವಿದ್ಯೆ ಹೊಸದೇನಲ್ಲ ಎಂಬುದೇ ಇಲ್ಲಿನ ಸೋಜಿಗ. ಆಂಧ್ರದ ಗಡಿಗೆ ಹತ್ತಿರದ ಆ ಸೀಮೆಯಲ್ಲಿ ಎಷ್ಟೋ ಮನೆಗಳಲ್ಲಿ ಆಡುವುದು ತೆಲುಗು, ಶಾಲೆಯಲ್ಲಿ ಓದುವುದು ಕನ್ನಡ. ಮಂಡಿಯ ಮುಂದೆ ನಿಂತ ಹುಡುಗ ದಲ್ಲಾಳಿಯೊಡನೆ ತೆಲುಗಿನಲ್ಲಿ ಚೌಕಾಸಿ ಮಾಡಿ, ಪಕ್ಕದ ಲಾರಿಯವನಿಗೆ ಕನ್ನಡದಲ್ಲಿ ಬಯ್ದು, ಮತ್ತೆ ತೆಲುಗಿನಲ್ಲಿ ಲೆಕ್ಕ ಒಪ್ಪಿಸುತ್ತಾನೆ. ಅವನಿಗೆ ಯಾರೂ ಪದಪಟ್ಟಿಯನ್ನು ಕೊಟ್ಟಿರಲಿಲ್ಲ. ಮಾತು ಬಂದದ್ದು ಸಂದರ್ಭದ ಕೈಹಿಡಿದುಕೊಂಡು: ಇಂಥವರು, ಇಂಥ ಹೊತ್ತಿನಲ್ಲಿ, ಇಂಥ ಮುಖ ಮಾಡಿಕೊಂಡು ಹೀಗೆ ಹೇಳಿದರು ಎಂಬ ನೆನಪಿನೊಡನೆ. ಎರಡು ಭಾಷೆಗಳನ್ನು ಹೀಗೆ ಗಳಿಸಿದವನು ಮೂರನೆಯದಕ್ಕೆ ಬಂದಾಗ ಮಾತ್ರ ತನಗೆ ತಿಳಿದ ದಾರಿಯನ್ನು ಬಿಟ್ಟು ಗೋಡೆಯನ್ನೇಕೆ ಹತ್ತಬೇಕೋ!

ನೆರೆಯ ಮುಳಬಾಗಿಲು ತಾಲ್ಲೂಕಿನ ಉದಾಹರಣೆಯೊಂದು ಕೋಲಾರ ಜಿಲ್ಲೆಯವರಿಗೆ ಬಾಯಿಪಾಠವಾಗಿರಬೇಕು. 1887ರಲ್ಲಿ ಅಲ್ಲಿ ಹುಟ್ಟಿದ ಡಿ. ವಿ. ಗುಂಡಪ್ಪನವರು ಮೆಟ್ರಿಕ್ಯುಲೇಷನ್ ಪರೀಕ್ಷೆಯಲ್ಲಿ ತೇರ್ಗಡೆಯಾಗಲಿಲ್ಲ. ಹೊಟ್ಟೆಪಾಡಿಗಾಗಿ ಬೆಂಗಳೂರು ಸೇರಿದ ಅವರು ಪತ್ರಿಕೆಯ ವೃತ್ತಿಯನ್ನು ಹಿಡಿದು, 1913ರಲ್ಲಿ ‘ಕರ್ನಾಟಕ’ವೆಂಬ ಇಂಗ್ಲಿಷ್ ಅರ್ಧವಾರಪತ್ರಿಕೆಯ ಸಂಪಾದಕರಾದರು. ಆಗ ಅವರ ವಯಸ್ಸು ಇಪ್ಪತ್ತಾರು. ಸಂಸ್ಥಾನದ ರಾಜ್ಯಾಂಗ, ಹಣಕಾಸು, ದಿವಾನರ ನೀತಿ ಮುಂತಾದ ವಿಷಯಗಳನ್ನು ಆ ಭಾಷೆಯಲ್ಲಿ ಚರ್ಚಿಸಲು ಬೇಕಾದ ಪದಗಳು ತೇರ್ಗಡೆಯಾಗದ ಆ ಪರೀಕ್ಷೆಯಿಂದ ಬಂದವಲ್ಲ. ಬೇಕೆಂಬ ಕೆಲಸ ಮುಂದೆ ನಿಂತಾಗ ಪದಗಳು ಬಂದವು. ಮಾಲೂರು ತಾಲ್ಲೂಕಿನ ಮಾಸ್ತಿಯವರ ಕಥೆ ಬೇರೆ, ಅವರು ಎಂ.ಎ. ಓದಿ, ಮೈಸೂರು ಸಂಸ್ಥಾನದ ಅಧಿಕಾರಿಗಳಾಗಿದ್ದವರು. ಮನೆಯಲ್ಲಿ ತಮಿಳು, ಕಚೇರಿಯಲ್ಲಿ ಇಂಗ್ಲಿಷು, ಬರೆದದ್ದು ಕನ್ನಡ. ಒಟ್ಟಿನಲ್ಲಿ ಮೂರು ಭಾಷೆಗಳು ಆ ಜಿಲ್ಲೆಯ ಮಣ್ಣಿಗೆ ಭಾರವೇನಲ್ಲ.

ಮೇಷ್ಟ್ರು ಹುಡುಗನಿಗೆ ಹೇಳಿಕೊಟ್ಟ ಕ್ರಮ ಸರಳವಾಗಿತ್ತು. ಒಂದೇ ದಿನದ ಕನ್ನಡ ಪತ್ರಿಕೆ ಒಂದು, ಇಂಗ್ಲಿಷ್ ಪತ್ರಿಕೆ ಒಂದು. ಡೆಕ್ಕನ್ ಹೆರಾಲ್ಡ್ ಮತ್ತು ಪ್ರಜಾವಾಣಿ ಎರಡೂ 1948ರಲ್ಲಿ ಒಂದೇ ಮನೆಯಲ್ಲಿ ಹುಟ್ಟಿದ ಅಕ್ಕತಂಗಿಯರು. ಅಕ್ಕನಿಗೆ ತಂಗಿಗಿಂತ ನಾಲ್ಕು ತಿಂಗಳು ಹೆಚ್ಚು. ಒಂದೇ ಸುದ್ದಿಯನ್ನು ಮೊದಲು ಕನ್ನಡದಲ್ಲಿ ಓದಬೇಕು, ಆಮೇಲೆ ಇಂಗ್ಲಿಷಿನಲ್ಲಿ. ನಿಘಂಟಿನ ಗೊಡವೆ ಆಗಲೇ ಬೇಡ. ಯಾರು, ಎಲ್ಲಿ, ಏನಾಯಿತು ಎಂಬುದು ಗೊತ್ತಿರುವಾಗ ಅಪರಿಚಿತ ಪದ ತನ್ನ ಅರ್ಧ ಗುಟ್ಟನ್ನು ತಾನೇ ಬಿಟ್ಟುಕೊಡುತ್ತದೆ. ಉಳಿದರ್ಧಕ್ಕೆ ನಿಘಂಟು. ನೋಟುಬುಕ್ಕಿನಲ್ಲಿ ಬರೆಯಬೇಕಾದದ್ದು ಪದವನ್ನಲ್ಲ, ಇಡೀ ವಾಕ್ಯವನ್ನು, ಜೊತೆಗೆ ತಾರೀಖು. ಅದೇ ಪದ ಇನ್ನೊಂದು ದಿನ ಬೇರೊಂದು ಸುದ್ದಿಯಲ್ಲಿ ಸಿಕ್ಕರೆ ಆ ವಾಕ್ಯವನ್ನೂ ಕೆಳಗೆ ಸೇರಿಸಬೇಕು. ಮೂರು ಸಲ ಮೂರು ವೇಷದಲ್ಲಿ ಕಂಡ ಪದವನ್ನು ಆಮೇಲೆ ಧೈರ್ಯವಾಗಿ ಬಳಸಬಹುದು. ದಿನಕ್ಕೆ ಇಪ್ಪತ್ತಲ್ಲ, ಮೂರು. “ಮೂರೇ ಮೂರಾ ಸಾರ್?” ಎಂದು ಹುಡುಗ ರಾಗವೆಳೆದದ್ದಕ್ಕೆ ಮೇಷ್ಟ್ರು ಉತ್ತರಿಸುವ ಗೋಜಿಗೆ ಹೋಗಲಿಲ್ಲ.

ಈ ಕ್ರಮದಿಂದ ಆದ ಮೊದಲ ಲಾಭ ಇಂಗ್ಲಿಷಿಗಲ್ಲ, ಕನ್ನಡಕ್ಕೆ. ವಿಧಾನಮಂಡಲದ ಅಧಿವೇಶನವಿಲ್ಲದಾಗ ರಾಜ್ಯಪಾಲರು ಹೊರಡಿಸುವ ‘ಆರ್ಡಿನೆನ್ಸ್’ಗೆ ಕನ್ನಡ ಪತ್ರಿಕೆಗಳು ‘ಸುಗ್ರೀವಾಜ್ಞೆ’ ಎನ್ನುತ್ತವೆ. ಇಂಗ್ಲಿಷಿನ ಪದದಲ್ಲಿ ಬರಿಯ ಕಟ್ಟಳೆಯಿದೆ. ಕನ್ನಡದ ಪದದಲ್ಲಿ ಕಿಷ್ಕಿಂಧೆಯ ದೊರೆಯೇ ಎದ್ದು ನಿಂತು, ಗಡುವಿನೊಳಗೆ ಹಿಂದಿರುಗದ ಕಪಿಗೆ ತಲೆಯುಳಿಯದೆಂದು ಗದರುತ್ತಾನೆ. ‘ಆ್ಯಂಟಿಸಿಪೇಟರಿ ಬೇಲ್’ ಎಂಬುದು ‘ನಿರೀಕ್ಷಣಾ ಜಾಮೀನು’ ಆದಾಗ ಬಾಲಕನಿಗೂ ತಿಳಿಯುತ್ತದೆ. ಸರಾಗವಾಗಿ ಮಾತನಾಡುವುದಕ್ಕೆ ಇಂಗ್ಲಿಷಿನವನು ನೀರಿನ ಹರಿವನ್ನು ಹೋಲಿಕೆಯಾಗಿ ತಂದರೆ, ಕನ್ನಡಿಗನು ಸಂಸ್ಕೃತದಿಂದ ‘ನಿರರ್ಗಳ’ವೆಂಬ ಪದವನ್ನು ತಂದುಕೊಂಡಿದ್ದಾನೆ, ಅಗುಳಿ ಹಾಕದ ಬಾಗಿಲೆಂದು ಅದರ ಅರ್ಥ. ಪತ್ರಿಕೆಯಿಂದ ಭಾಷೆ ಕಲಿಯುವುದು ಕೇವಲ ಇಂಗ್ಲಿಷ್ ಮೋಹವೆಂದು ಮೂಗು ಮುರಿಯುವವರು ಪ್ರೊಫೆಸರ್ ಜಿ. ವೆಂಕಟಸುಬ್ಬಯ್ಯನವರನ್ನು ನೆನೆಯಬೇಕು. 107 ವರ್ಷ ಬಾಳಿ 2021ರಲ್ಲಿ ತೀರಿಕೊಂಡ ಆ ನಿಘಂಟುಕಾರರು ಪ್ರಜಾವಾಣಿಯ ‘ಇಗೋ ಕನ್ನಡ’ ಅಂಕಣದಲ್ಲಿ ವರ್ಷಗಟ್ಟಲೆ ಓದುಗರ ಪದಸಂದೇಹಗಳಿಗೆ ಉತ್ತರ ಕೊಟ್ಟರು. ಕನ್ನಡಿಗರು ಕನ್ನಡವನ್ನೇ ಪತ್ರಿಕೆಯಲ್ಲಿ ಕಲಿತರು.

ಹುಡುಗನಿಗೆ ನಿಜವಾದ ರುಚಿ ಹತ್ತಿದ್ದು ಕೆರೆಯ ಸುದ್ದಿಯಿಂದ. ಕೋಲಾರವು ಕೆರೆಗಳ ಜಿಲ್ಲೆ. ಆದರೆ ಎಷ್ಟೋ ಕೆರೆಗಳು ವರ್ಷಾನುಗಟ್ಟಲೆ ಒಣಗಿ, ಕೊಳವೆಬಾವಿಗಳು ಸಾವಿರ ಅಡಿ ಇಳಿದರೂ ಧೂಳನ್ನೇ ಕಾರುವ ಸ್ಥಿತಿ ಬಂದಿತ್ತು. 2018ರಲ್ಲಿ ಬೆಂಗಳೂರಿನ ಕೋರಮಂಗಲ–ಚಲ್ಲಘಟ್ಟ ಕಣಿವೆಯ ಕೊಳಚೆ ನೀರನ್ನು ಸಂಸ್ಕರಿಸಿ ಕೊಳವೆಗಳ ಮೂಲಕ ಕೋಲಾರದ ಕೆರೆಗಳಿಗೆ ಹರಿಸತೊಡಗಿದರು. ಅಂದಿನಿಂದ ವಾದವೋ ವಾದ. ನೀರು ಬಂತೆಂದು ಹಿಗ್ಗುವವರು ಒಂದು ಕಡೆ, ಇನ್ನೂ ಒಂದು ಹಂತ ಶುದ್ಧಿಯಾಗದೆ ಬರಬಾರದಿತ್ತೆನ್ನುವವರು ಮತ್ತೊಂದು ಕಡೆ. ಆ ವಾದದ ಇಂಗ್ಲಿಷ್ ವರದಿಗಳಲ್ಲಿ ‘ಎಫ್ಲುಯೆಂಟ್’ ಎಂಬ ಪದ ಮತ್ತೆ ಮತ್ತೆ ಬರುತ್ತಿತ್ತು: ಹೊರಕ್ಕೆ ಹರಿದುಬಂದ ತ್ಯಾಜ್ಯದ ನೀರು. ಹುಡುಗನ ಪಟ್ಟಿಯಲ್ಲಿ ‘ಅಫ್ಲುಯೆಂಟ್’ ಎಂಬ ಇನ್ನೊಂದಿತ್ತು: ಶ್ರೀಮಂತ. ಒಂದಕ್ಷರದ ಅಂತರದಲ್ಲಿ ಕೊಚ್ಚೆಯೂ ಐಶ್ವರ್ಯವೂ ಹೇಗೆ ನಿಂತವು?

ಮೇಷ್ಟ್ರು ಅವನನ್ನು ಕೆರೆಯ ಏರಿಯ ಮೇಲೆ ಕರೆದುಕೊಂಡು ಹೋದರು. ಲ್ಯಾಟಿನಿನಲ್ಲಿ ‘ಫ್ಲುಯೆರೆ’ ಎಂದರೆ ಹರಿಯುವುದು. ಕಾಲುವೆಯಿಂದ ಕೆರೆಯೊಳಕ್ಕೆ ಹರಿದು ಬರುವುದು ಅಫ್ಲುಯೆಂಟ್. ಹೀಗೆ ಯಾರ ಮನೆಗೆ ಸಂಪತ್ತು ಹರಿದುಬರುವುದೋ ಅವನು ಶ್ರೀಮಂತ. ತೂಬಿನಿಂದ ಹೊರಕ್ಕೆ ಹೋದದ್ದು ಎಫ್ಲುಯೆಂಟ್. ಕೆರೆ ತುಂಬಿ ಕೋಡಿ ಹರಿದದ್ದು ‘ಸೂಪರ್‌ಫ್ಲುಯಸ್’, ಬೇಕಾದದ್ದಕ್ಕಿಂತ ಮಿಕ್ಕದ್ದು. ಎರಡು ಹಳ್ಳಗಳು ಕೂಡುವ ಜಾಗ ‘ಕಾನ್‌ಫ್ಲುಯೆನ್ಸ್’, ಅಂದರೆ ಸಂಗಮ. ಒಬ್ಬರಿಂದ ಮತ್ತೊಬ್ಬರೊಳಕ್ಕೆ ಕಾಣದಂತೆ ಹರಿಯುವ ಶಕ್ತಿಯೇ ‘ಇನ್‌ಫ್ಲುಯೆನ್ಸ್’. ಕಚೇರಿಗಳಲ್ಲಿ ಅದಿಲ್ಲದೆ ಕಾಗದ ಕದಲುವುದಿಲ್ಲವೆಂದು ಯಲ್ದೂರಿನವರಿಗೆ ಗೊತ್ತು. ನಕ್ಷತ್ರಗಳ ಪ್ರಭಾವದಿಂದ ಜ್ವರ ಬರುವುದೆಂದು ನಂಬಿದ್ದ ಇಟಲಿಯವರ ಬಾಯಲ್ಲಿ ಅದೇ ಪದ ‘ಇನ್‌ಫ್ಲುಯೆಂಜ’ ಆಯಿತು. ಒಂದು ಸಾಯಂಕಾಲದಲ್ಲಿ ಆರು ಪದಗಳು! ಅವುಗಳಲ್ಲಿ ಒಂದೂ ಮತ್ತೆ ಮರೆಯಲಿಲ್ಲ. ಅರ್ಥ ಹುಡುಗನಿಗೆ ಹುಟ್ಟಿದಂದಿನಿಂದ ಗೊತ್ತಿತ್ತು; ಕೋಡಿ, ತೂಬು, ಕಾಲುವೆಗಳೆಂಬ ಹೆಸರಿನಲ್ಲಿ ಗೊತ್ತಿತ್ತು.

2025ರ ಜೂನ್ ತಿಂಗಳಲ್ಲಿ ನೆರೆಯ ಚಿತ್ತೂರು ಜಿಲ್ಲಾಡಳಿತವು ಹೊರರಾಜ್ಯದ ತೋತಾಪುರಿ ಮಾವು ಒಳಬರಬಾರದೆಂದು ಆಜ್ಞೆ ಮಾಡಿದಾಗ ಶ್ರೀನಿವಾಸಪುರದ ಬೆಳೆಗಾರರಿಗೆ ದಿಕ್ಕು ತೋಚದಂತಾಯಿತು. ತೋತಾಪುರಿ ತಿರುಳಿನ ಕಾರ್ಖಾನೆಗಳಿರುವುದೇ ಆ ಕಡೆ. ಆಗ ಪತ್ರಿಕೆಯಲ್ಲಿ ‘ಗ್ಲಟ್’ ಎಂಬ ಪುಟ್ಟ ಪದವನ್ನು ಕಂಡ ಹುಡುಗನಿಗೆ ನಿಘಂಟು ಬೇಕಾಗಲಿಲ್ಲ. ಅರ್ಥ ಅವರ ಮನೆಯ ಜಗಲಿಯ ಮೇಲೆಯೇ ಕೊಳ್ಳುವವರಿಲ್ಲದೆ ರಾಶಿ ಬಿದ್ದಿತ್ತು. ಆಜ್ಞೆಯನ್ನು ‘ರಿವೋಕ್’ ಮಾಡಬೇಕೆಂದು ಕರ್ನಾಟಕ ಸರ್ಕಾರ ಕೇಳಿತು. ಕರೆಯುವುದೆಂಬ ಅರ್ಥದ ಧಾತುವಿನಿಂದ ಹುಟ್ಟಿದ ಪದ ಅದು: ಹೊರಟದ್ದನ್ನು ಹಿಂದಕ್ಕೆ ಕರೆಯುವುದು. ನೆರವಿಗೆ ಕರೆಸಿಕೊಂಡವನಾದ ‘ಅಡ್ವೊಕೇಟ್’ ಅದರ ದಾಯಾದಿ. ‘ವೊಕಾಬ್ಯುಲರಿ’ ಎಂಬುದೂ ಅದೇ ವಂಶ.

ಪತ್ರಿಕೆಯ ಇಂಗ್ಲಿಷೆಲ್ಲ ಬಂಗಾರವೆಂದು ಯಾರೂ ಭಾವಿಸಬೇಕಾದದ್ದಿಲ್ಲ. ಶೀರ್ಷಿಕೆ ಬರೆಯುವವನಿಗೆ ಅಂಕಣದ ಅಗಲ ಚಿಕ್ಕದು. ಆದ್ದರಿಂದ ಅವನ ಪದಗಳೆಲ್ಲ ಗಿಡ್ಡ. ತನಿಖೆಗೆ ‘ಪ್ರೋಬ್’, ಒಪ್ಪಿಗೆಗೆ ‘ನಾಡ್’, ಖಂಡನೆಗೆ ‘ಸ್ಲ್ಯಾಮ್’. ಯೋಚಿಸುವುದೂ ಅವನಲ್ಲಿ ಒಂದೇ ಉಸಿರಿನ ‘ಮಲ್’. ಇವನ್ನೆಲ್ಲ ಪರೀಕ್ಷೆಯ ಪ್ರಬಂಧದಲ್ಲಿ ತುರುಕಿದರೆ ಮದುವೆಯ ಮನೆಗೆ ತಂತಿಯ ಭಾಷೆಯಲ್ಲಿ ಮಾತನಾಡುತ್ತ ಹೋದಂತಾಗುತ್ತದೆ. ಇನ್ನು ಸಾಗರ ದಾಟಿದೊಡನೆ ತಲೆಕೆಳಗಾಗುವ ಪದಗಳಿವೆ. ಭಾರತದ ಸಂಸತ್ತಿನಲ್ಲಿ ವರದಿಯನ್ನು ‘ಟೇಬಲ್’ ಮಾಡಿದರೆಂದರೆ ಸದನದ ಮುಂದಿಟ್ಟರೆಂದು ಅರ್ಥ. ಅಮೆರಿಕದ ಕಾಂಗ್ರೆಸ್ಸಿನಲ್ಲಿ ಅದೇ ಮಾತಿಗೆ ಚರ್ಚಿಸದೆ ಬದಿಗಿಟ್ಟರೆಂದು ಅರ್ಥ.

ಒಂದೆರಡು ವರ್ಷಗಳ ನೋಟುಬುಕ್ಕುಗಳನ್ನು ತಿರುವಿದರೆ ಇನ್ನೊಂದು ಸಂಗತಿ ಕಾಣುತ್ತಿತ್ತು. ಹುಡುಗನನ್ನು ಕೆಡವುತ್ತಿದ್ದದ್ದು ಉದ್ದನೆಯ ಪದಗಳಲ್ಲ. ಅವು ದೂರದಿಂದಲೇ ತಾವು ಕಷ್ಟವೆಂದು ಸಾರಿಕೊಂಡು ಬರುತ್ತವೆ, ಮನುಷ್ಯ ಎಚ್ಚರಗೊಳ್ಳುತ್ತಾನೆ. ಮೋಸ ಹೋಗುವುದು ಪರಿಚಿತ ಮುಖದ ಪುಟ್ಟ ಪದಗಳಿಂದ. ‘ಸ್ಟೇ’ ಎಂದರೆ ಉಳಿಯುವುದೆಂದು ತಿಳಿದವನಿಗೆ ನ್ಯಾಯಾಲಯದ ಸುದ್ದಿಯಲ್ಲಿ ಅದು ತಡೆಯಾಜ್ಞೆ. ‘ಅಟ್ಯಾಚ್‌ಮೆಂಟ್’ ಪ್ರೀತಿಯೂ ಹೌದು, ಮಿಂಚಂಚೆಯ ಬಾಲವೂ ಹೌದು, ಮನೆಯ ಪಾತ್ರೆಪಡಗಗಳ ಜಪ್ತಿಯೂ ಹೌದು.

ಇಂಥದೊಂದು ಪುಟ್ಟ ಪದವೇ ಒಂದು ದಿನ ಅವನ ಸೋದರತ್ತೆಯ ಮನೆಯ ಬಾಗಿಲಿಗೆ ಬಂತು. ಅತ್ತೆಯನ್ನು ಕೊಟ್ಟದ್ದು ಮಾಲೂರು ತಾಲ್ಲೂಕಿಗೆ. ಬೆಂಗಳೂರಿನಿಂದ ಚೆನ್ನೈಗೆ ಹೋಗುವ ಎಕ್ಸ್‌ಪ್ರೆಸ್ ಹೆದ್ದಾರಿ ಆ ತಾಲ್ಲೂಕನ್ನು ಹಾಯ್ದು ಹೋಗುತ್ತದೆ; ಅದರ ದಾರಿಯಲ್ಲಿ ಅತ್ತೆಯ ಜಮೀನಿನ ತುಂಡೊಂದು ಸಿಕ್ಕಿತ್ತು. “ನಮ್ಮ ಜಮೀನಿಗೆ ಅವಾರ್ಡ್ ಬಂದದಂತೆ ಕಣಪ್ಪ” ಎಂದು ಆಕೆ ಫೋನಿನಲ್ಲಿ ಹೇಳಿದಾಗ ಆ ದನಿಯಲ್ಲಿ ಹಿಗ್ಗೂ ಇತ್ತು, ಅಂಜಿಕೆಯೂ ಇತ್ತು. ಸಿನಿಮಾದವರಿಗೆ, ಮಾದರಿ ರೈತರಿಗೆ ಕೊಡುವ ಅವಾರ್ಡನ್ನು ಜಮೀನಿಗೂ ಕೊಡುವರೆ? ಅದು ಬಹುಮಾನವಲ್ಲ, ಭೂಸ್ವಾಧೀನಾಧಿಕಾರಿಯ ಐತೀರ್ಪು. ಇಷ್ಟು ಭೂಮಿಗೆ ಇಷ್ಟು ಹಣವೆಂಬ ನಿರ್ಧಾರ. ಹುಡುಗನಿಗೆ ಅದು ಗೊತ್ತಿತ್ತು, ನೋಟುಬುಕ್ಕಿನಲ್ಲಿ ಇತ್ತು. ಬಸ್ಸು ಹತ್ತಿ ಹೊರಟ.

ಅತ್ತೆಯ ಜಗಲಿಯಲ್ಲಿ ಒಬ್ಬ ದಲ್ಲಾಳಿ ಕುಳಿತಿದ್ದ. ಬಿಳಿಯ ಅಂಗಿ, ಕೈಯಲ್ಲಿ ಕಡತ. ಜಮೀನಿನ ಬೆಲೆ ಹೇಗೂ ಬರುತ್ತದೆ. ಅದರ ಮೇಲೆ ‘ಸೊಲೇಷಿಯಂ’ ಎಂಬ ಇನ್ನೊಂದು ದೊಡ್ಡ ಮೊತ್ತವಿದೆ. ಅದು ಎಲ್ಲರಿಗೂ ಸಿಕ್ಕುವುದಿಲ್ಲ, ತಾನು ಮೇಲಿನವರಿಗೆ ಹೇಳಿ ಮಾಡಿಸಿಕೊಡುವೆ. ತನಗೆ ನೂರಕ್ಕೆ ಹತ್ತು ಸಂದರೆ ಸಾಕು. ಅತ್ತೆ ಹೆಬ್ಬೆರಳಿಗೆ ಮಸಿ ಹಚ್ಚಿಕೊಳ್ಳುವುದೊಂದು ಬಾಕಿ.

‘ಸೊಲೇಷಿಯಂ’ ಹುಡುಗನ ನೋಟುಬುಕ್ಕಿನಲ್ಲಿ ಮೂರಲ್ಲ, ಐದು ಸಲ ಬಂದ ಪದ. 1894ರ ಹಳೆಯ ಭೂಸ್ವಾಧೀನ ಕಾಯಿದೆಯಲ್ಲಿ ಅದು ಬೆಲೆಯ ಮೇಲೆ ಶೇಕಡ 15 ಇತ್ತು. 1984ರಲ್ಲಿ 30 ಆಯಿತು. 2013ರ ಹೊಸ ಕಾಯಿದೆಯಲ್ಲಿ 100. ಭೂಮಿಗೂ ಅದರ ಮೇಲಿನ ಮರ, ಕಟ್ಟಡಗಳಿಗೂ ಸೇರಿ ಎಷ್ಟು ಪರಿಹಾರ ನಿಗದಿಯಾಗುವುದೋ ಅಷ್ಟೇ ಮೊತ್ತವನ್ನು ಮತ್ತೊಮ್ಮೆ ಕೊಡಬೇಕು. 2015ರ ಆರಂಭದಿಂದ ರಾಷ್ಟ್ರೀಯ ಹೆದ್ದಾರಿಗಾಗಿ ಪಡೆಯುವ ಭೂಮಿಗೂ ಈ ಲೆಕ್ಕವೇ ಅನ್ವಯಿಸುತ್ತದೆ. ಅದು ಯಾರ ಕೃಪೆಯೂ ಅಲ್ಲ, ಐತೀರ್ಪಿನ ಲೆಕ್ಕದೊಳಗೇ ಇರಬೇಕಾದ ಹಕ್ಕು. ಹುಡುಗ ದನಿಯೇರಿಸದೆ ಇಷ್ಟನ್ನೂ ಹೇಳಿ, ಪತ್ರಿಕೆಯಿಂದ ಕತ್ತರಿಸಿ ಅಂಟಿಸಿದ್ದ ಎರಡು ವರದಿಗಳನ್ನು ತೋರಿಸಿದ. ದಲ್ಲಾಳಿಗೆ ಬೇರೆಲ್ಲೋ ತುರ್ತಾದ ಕೆಲಸ ನೆನಪಾಯಿತು.

ಅವನು ಹೋದ ಮೇಲೆ ಅತ್ತೆ ಕೇಳಿದರು: “ಅದೇನೋ ಅಂದ್ಯಲ್ಲಪ್ಪ, ಸೊಲೇಷಿಯಂ ಅಂತ, ಹಂಗಂದ್ರೇನು?”

“ಲ್ಯಾಟಿನಲ್ಲಿ ಸಮಾಧಾನ ಅಂತ ಅತ್ತೆ. ಇಷ್ಟವಿಲ್ಲದಿದ್ದರೂ ಜಮೀನು ಬಿಟ್ಟುಕೊಡಬೇಕಲ್ಲ, ಆ ನೋವಿಗೆ ಸಮಾಧಾನದ ದುಡ್ಡು.”

ಅತ್ತೆ ಸ್ವಲ್ಪ ಹೊತ್ತು ಹೊಲದ ಕಡೆ ನೋಡಿದರು. ಮಾವ ನೆಟ್ಟಿದ್ದ ಹುಣಿಸೆಯ ಮರ ಗುರುತಿನ ಕಲ್ಲಿನ ಆಚೆಗೆ ಹೋಗಿತ್ತು. “ದುಡ್ಡು ಎಣಿಸಿಕೊಂಡ್ರೆ ಸಮಾಧಾನ ಆಗುತ್ತೇನಪ್ಪ?” ಎಂದರು.

ಹುಡುಗ ಏನೂ ಹೇಳಲಿಲ್ಲ. ಅತ್ತೆ ಎದ್ದು ಕಾಫಿಗೆ ನೀರಿಟ್ಟರು. ಮರುದಿನ ಬೆಳಿಗ್ಗೆ ಅತ್ತೆಯೂ ಅಳಿಯನೂ ಐತೀರ್ಪಿನ ಲೆಕ್ಕದ ಹಾಳೆಯ ನಕಲನ್ನು ಕೇಳುವ ಅರ್ಜಿಯನ್ನು ಹಿಡಿದುಕೊಂಡು ಕಚೇರಿಗೆ ಹೋದರು. ಅರ್ಜಿ ಕನ್ನಡದಲ್ಲಿತ್ತು.